ಹೊತ್ತು ಮುಳುಗುವ ಮುಂಚಿನ ಡಬ್ಬಿ

ಆ ಹತ್ತು ದಿನ ನನಗೆ ಎರಡು ಕೆಲಸ. ಒಂದು, ಹಳೇಬೀಡಿನ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ಕೂತು ಚೀಟಿ ಬರೆಯುವುದು. ಅದಕ್ಕೆ ಸಂಬಳ ಇದೆ. ಇನ್ನೊಂದು, ದರ್ಶಿನಿ ಡಾಕ್ಟರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿದರೋ ಇಲ್ಲವೋ ಎಂದು ನೋಡುವುದು. ಅದಕ್ಕೆ ಸಂಬಳ ಇಲ್ಲ, ಬೈಗುಳ ಇದೆ.

ದರ್ಶಿನಿ ಡಾಕ್ಟರು ಪಕ್ಕದ ಬಸ್ತಿಹಳ್ಳಿಯವರೇ. ಬಸದಿಗಳ ಹತ್ತಿರದ ಜೈನರ ಮನೆ. ವಯಸ್ಸು ಇಪ್ಪತ್ತಾರು. ಡಾಕ್ಟರಾಗಿ ಬಂದು ಆರು ತಿಂಗಳಾದರೂ ಊರವರಿಗೆ ಅವರಿನ್ನೂ ಅನಂತರಾಜಯ್ಯನ ಮಗಳು. "ಮೊನ್ನೆ ಮೊನ್ನೆ ನಮ್ ಸೀಬೆ ಮರದಿಂದ ಬಿದ್ದು ಅಳ್ತಿದ್ದೆ, ಈಗ ನಂಗೇ ಸೂಜಿ ಚುಚ್ತೀಯಾ?" ಎಂದು ರೋಗಿಗಳೇ ಗದರಿಸುತ್ತಿದ್ದರು.

ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ನಮ್ಮ ಎಮರ್ಜೆನ್ಸಿಯಲ್ಲಾದರೆ ಹೊತ್ತು ಮುಳುಗುವ ಸಮಯಕ್ಕೇ ಜನ ಬೀಳುವುದು, ಸುಟ್ಟುಕೊಳ್ಳುವುದು, ನುಂಗಬಾರದ್ದನ್ನು ನುಂಗುವುದು. ಡಾಕ್ಟರು ಕೈ ತೊಳೆದು ಬರುವಷ್ಟರಲ್ಲಿ ಹೊರಗೆ ಕತ್ತಲು. ನಿಯಮ ಮುರಿಯುವವರಲ್ಲ. ಹಸಿದೇ ಮಲಗುತ್ತಿದ್ದರು. ಇದು ಅವರ ಅಜ್ಜಿ ಯಶೋಧಮ್ಮನವರಿಗೆ ಸಂಕಟ.

ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅದು ಮೊಮ್ಮಗಳಿಗೆ ಸಂಕಟ. ಮೂರು ವರ್ಷದಿಂದ ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಅಜ್ಜಿ ಒಪ್ಪುತ್ತಿರಲಿಲ್ಲ. "ಜಾವಗಲ್ಲಿನ ನಮ್ಮ ಬೀಗತಿ ಮಾಡಿಸ್ಕೊಂಡ್ಳಲ್ಲ, ಏನಾಯ್ತು? ಸೊಸೆ ಪಾತ್ರೆ ತೊಳೆಯೋದು ಸ್ಪಷ್ಟವಾಗಿ ಕಂಡು ಮನಸ್ಸಿಗೆ ನೆಮ್ಮದೀನೇ ಇಲ್ಲದ ಹಾಗಾಯ್ತು" ಎನ್ನುತ್ತಿದ್ದರು. ಇನ್ನೂ ತಡ ಮಾಡಿದರೆ ಪೊರೆ ಕಲ್ಲಿನಂತಾಗುತ್ತದೆ, ಆಮೇಲೆ ಆಪರೇಷನ್ ಕಷ್ಟ ಎಂದು ಡಾಕ್ಟರು ಅರಸೀಕೆರೆಯ ಕಣ್ಣಿನ ಆಸ್ಪತ್ರೆಯಲ್ಲಿ ಜನವರಿ ಮೂರಕ್ಕೆ ದಿನ ಗೊತ್ತುಮಾಡಿಯೇಬಿಟ್ಟಿದ್ದರು, ಅಜ್ಜಿಯನ್ನು ಕೇಳದೆ.

ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ ಇಬ್ಬರಿಗೂ ಜಗಳವಾಗಿ, ಜಗಳ ಪಂಥವಾಯಿತು.

"ಹತ್ತು ದಿನ. ದಿನಾ ಹೊತ್ತು ಮುಳುಗೋದ್ರೊಳಗೆ ನಾನು ಕಳಿಸಿದ ಡಬ್ಬಿ ಖಾಲಿಯಾಗಬೇಕು. ಹಂಗೆ ಮಾಡಿ ತೋರಿಸು, ಎಲ್ಲಿಗೆ ಬೇಕಾದ್ರೂ ಬಂದು ಕಣ್ಣು ಕೊಯ್ಸಿಕೊಳ್ತೀನಿ. ಒಂದು ದಿನ ತಪ್ಪಿತೋ, ಇನ್ನು ಕಣ್ಣಿನ ಸುದ್ದಿ ಎತ್ತಂಗಿಲ್ಲ."

"ಕೊಯ್ಯೋದಲ್ಲ ಅಜ್ಜಿ. ಆಗಲಿ. ಮೊಬೈಲಲ್ಲೇ ಸೂರ್ಯ ಮುಳುಗೋ ಟೈಮ್ ಬರುತ್ತೆ..."

"ಮೊಬೈಲಲ್ಲಿ ಮುಳುಗೋ ಸೂರ್ಯ ನಂಗೆ ಬೇಡ. ಸಾಕ್ಷಿ ಬೇಕು. ಆ ಚೀಟಿ ಬರೆಯೋ ಹುಡುಗಿ ಇದ್ದಾಳಲ್ಲ, ಮಾದಿಹಳ್ಳಿ ಶಿಲ್ಪಶ್ರೀ? ಅವಳ ಕಣ್ಣಿಗೆ ಸೂರ್ಯ ಕಾಣೋತನಕ ಹಗಲು. ಅವಳು ಮಾತಾಡೋದು ಕಮ್ಮಿ. ಮಾತು ಕಮ್ಮಿ ಇದ್ದೋರಿಗೆ ಸುಳ್ಳೂ ಕಮ್ಮಿ."

ಇದನ್ನು ಡಾಕ್ಟರು ಬಂದು ಹೇಳಿದಾಗ ನಾನು ಚೀಟಿಯಲ್ಲಿ ರೋಗಿಯ ಹೆಸರಿನ ಜಾಗಕ್ಕೆ ನನ್ನ ಹೆಸರೇ ಬರೆದುಬಿಟ್ಟೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಲ್ಲಿಯವರೆಗೂ ಹಾಜರಿ ಕೂಗಿದರೆ "ಇದ್ದೀನಿ" ಎನ್ನಲಿಕ್ಕೂ ಹೆದರಿ ಎಷ್ಟೋ ದಿನ ಗೈರುಹಾಜರಿ ಹಾಕಿಸಿಕೊಂಡಿದ್ದೆ.

ಡಿಸೆಂಬರ್ ಇಪ್ಪತ್ತಮೂರರಿಂದ ದಿನಾ ನಾಲ್ಕು ಗಂಟೆಗೆ ಬಸ್ತಿಹಳ್ಳಿಗೆ ನಡೆದುಹೋಗಿ ಡಬ್ಬಿ ತರುತ್ತಿದ್ದೆ. ಅಕ್ಕಿ ರೊಟ್ಟಿ, ಅವರೆಕಾಳಿನ ಪಲ್ಯ, ಕಾಯಿ ಚಟ್ನಿ. ಅಜ್ಜಿ ಕಣ್ಣು ಕಾಣದಿದ್ದರೂ ರೊಟ್ಟಿ ತಾವೇ ತಟ್ಟುತ್ತಿದ್ದರು. ಅಂಗೈಯಗಲ, ಆದರೆ ದಪ್ಪ. ಸಂಜೆ ಡಬ್ಬಿ ವಾಪಸು ಕೊಟ್ಟು ವರದಿ ಒಪ್ಪಿಸಿ ಏಳು ಗಂಟೆಯ ಬಸ್ಸಿಗೆ ಮಾದಿಹಳ್ಳಿಗೆ ಹೋಗಬೇಕು. ಅಜ್ಜಿ ಡಬ್ಬಿಯ ಒಳಗೆ ಬೆರಳಾಡಿಸಿ ಖಾಲಿಯೋ ಅಲ್ಲವೋ ಪರೀಕ್ಷೆ ಮಾಡುತ್ತಿದ್ದರು.

ಮೊದಲನೇ ದಿನ ಮೂರು ರೊಟ್ಟಿ. ಐದೂವರೆಗೆ ಮುಗಿಯಿತು. ಎರಡನೇ ದಿನವೂ ಸುಲಭ. ಮೂರನೇ ದಿನ ಕ್ರಿಸ್‌ಮಸ್. ಶಾಲಾ ಪ್ರವಾಸದ ಬಸ್ಸುಗಳೆಲ್ಲ ಬೇಲೂರು ನೋಡಿ ಮುಗಿಸಿ ಹಳೇಬೀಡಿಗೆ ಬಂದವು. ಐದು ಗಂಟೆಗೆ ಒಂದೇ ಬಸ್ಸಿನ ಹನ್ನೊಂದು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಇಳಿದರು.

"ಏನು ತಿಂದೆ?" ಡಾಕ್ಟರು ಮೊದಲನೆಯವಳನ್ನು ಕೇಳಿದರು.

"ಖಾರ ಹಾಕಿದ ಸೌತೆಕಾಯಿ ಮಿಸ್. ಆಮೇಲೆ ಐಸ್‌ಕ್ಯಾಂಡಿ. ಆಮೇಲೆ ನೆಲ್ಲಿಕಾಯಿ. ಆಮೇಲೆ ಅವಳ ಐಸ್‌ಕ್ಯಾಂಡಿ."

"ನೀನು?"

"ಅವಳು ತಿಂದಿದ್ದೇ ಮಿಸ್. ಎರಡೆರಡು ಸಲ."

ಸಾಲದ್ದಕ್ಕೆ ಚನ್ನಪ್ಪ ಬಂದರು. ಇವರು ನಮ್ಮ ಮಾದಿಹಳ್ಳಿಯವರೇ, ಹಾಲಿನ ಡೈರಿಯವರು. ದಿನಾ ಐದೂವರೆಗೆ ಸರಿಯಾಗಿ ಎದೆ ಹಿಡಿದುಕೊಂಡು ಹಾಜರಾಗುತ್ತಿದ್ದರು.

"ಎದೆ ಉರೀತೈತೆ ಡಾಕ್ಟ್ರಮ್ಮ."

"ಏನು ತಿಂದ್ರಿ?"

"ಮೆಣಸಿನ್ಕಾಯಿ ಬಜ್ಜಿ."

"ನಿನ್ನೆ?"

"ನಿನ್ನೇನೂ ಅದೇಯ."

"ಬಜ್ಜಿ ಬಿಡಿ ಅಂತ ನಿನ್ನೆ ಹೇಳ್ದೆನಲ್ಲ!"

"ಅಂಗ್ಡಿ ಬಸ್‌ಸ್ಟಾಂಡಲ್ಲೇ ಐತಲ್ಲವ್ವಾ. ಬಸ್ ಬರೋಗಂಟ ಮನುಷ್ಯ ಏನು ಮಾಡ್ಬೇಕು?"

ಆವತ್ತು ಕೊನೆಯ ತುತ್ತು ಬಾಯಿಗೆ ಹೋದಾಗ ಸೂರ್ಯ ಉಗುರಿನಷ್ಟಿದ್ದ. ಇದನ್ನು ನೋಡಿ ನಮ್ಮ ಆಂಬುಲೆನ್ಸ್ ಡ್ರೈವರ್ ಗಂಗಯ್ಯನವರಿಗೆ ರೋಷ ಬಂತು. ಅವರು ಮರುದಿನದಿಂದ ಗೇಟಿನಲ್ಲೇ ನಿಂತು, ಮಾತ್ರೆ ಕೊಡುವವರ ಹಾಗೆ, ಬಂದವರನ್ನೆಲ್ಲ ವಿಂಗಡಿಸತೊಡಗಿದರು.

"ನಿಂದು ಊಟಕ್ಕೆ ಮುಂಚಿಂದೋ, ಊಟ ಆದ್ಮೇಲಿಂದೋ?"

"ಯಾರ ಊಟ?"

"ಡಾಕ್ಟ್ರಮ್ಮನ್ದು ಕಣಯ್ಯ. ರಕ್ತ ಬಂದಿದ್ರೆ, ಉಸ್ರು ಕಟ್ಟಿದ್ರೆ ಊಟಕ್ಕೆ ಮುಂಚೆ. ಉಳುಕು, ಕೆರೆತ, ನೆಗಡಿ ಎಲ್ಲ ಊಟ ಆದ್ಮೇಲೆ. ಚನ್ನಪ್ಪ, ನಿಂದು ಊಟ ಆದ್ಮೇಲೆ, ಅದೂ ನಾಳೆ."

ವಿಷಯ ತಿಳಿದ ಮೇಲೆ ಚನ್ನಪ್ಪನವರೇ ನಮ್ಮ ಕಡೆಗೆ ಸೇರಿಕೊಂಡರು. ಎದೆಯುರಿ ಮರೆತು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಕೂಗುತ್ತಿದ್ದರು: "ಡಾಕ್ಟ್ರಮ್ಮ, ಹೊತ್ತು ತೆಂಗಿನ ಸುಳೀಗೆ ಬಂತು! ಗೊನೇಗೆ ಬಂತು! ಬೇಗ ಅಗೀರಿ!" ಡ್ರಿಪ್ ಹಾಕಿಸಿಕೊಂಡವರೂ ಮಲಗಿದಲ್ಲಿಂದ "ಎಷ್ಟು ಉಳ್ದೈತೆ?" ಎಂದು ವಿಚಾರಿಸುತ್ತಿದ್ದರು. ನರ್ಸ್ ಮಾಲಿನಿ ಸಿಸ್ಟರ್ ಮಾತ್ರ "ಇದು ಆಸ್ಪತ್ರೆನೋ, ಕುಸ್ತಿ ಅಖಾಡಾನೋ?" ಎಂದು ಬೈಯುತ್ತಲೇ ಡಾಕ್ಟರಿಗೆ ನೀರು ತಂದಿಡುತ್ತಿದ್ದರು.

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ. ಡಬ್ಬಿ ಬೆಳೆಯುತ್ತಿತ್ತು. ಮೂರು ರೊಟ್ಟಿ ನಾಲ್ಕಾಯಿತು. ಆರನೇ ದಿನ ಐದು. ಎಂಟನೇ ದಿನ ಆರು, ಜೊತೆಗೆ ಎರಡು ಕಡುಬು. ಎರಡು ಅಂತಸ್ತಿನ ಡಬ್ಬಿ ಹೋಗಿ ಮೂರು ಅಂತಸ್ತಿನದು ಬಂತು. "ಅಜ್ಜಿಗೆ ನನ್ನ ಮೇಲೆ ಎಷ್ಟು ಪ್ರೀತಿ ನೋಡು ಶಿಲ್ಪ" ಎಂದು ಡಾಕ್ಟರು ತೇಗುತ್ತ ಹೇಳಿದರು. ಕೋಟಿನ ಗುಂಡಿ ಆಗಲೇ ಹಾಕಲಿಕ್ಕೆ ಬರುತ್ತಿರಲಿಲ್ಲ. ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದೆ.

ಹತ್ತನೇ ದಿನ ಹೊಸ ವರ್ಷ. ಡಬ್ಬಿಗೆ ನಾಲ್ಕು ಅಂತಸ್ತು. ದಾರಿಯಲ್ಲಿ ಮುಚ್ಚಳ ತೆಗೆದು ಎಣಿಸಿದೆ. ಎಂಟು ರೊಟ್ಟಿ.

ಐದು ಇಪ್ಪತ್ತಕ್ಕೆ ಡಾಕ್ಟರು ಕೈ ತೊಳೆದು ಕೂತರು. ಆಗ ಫೋನು ಬಂತು. ಪುಷ್ಪಗಿರಿ ಗುಡ್ಡದ ಮೇಲಿಂದ ಯಾರೋ ಹುಡುಗಿ ಕಿರುಚುತ್ತಿದ್ದಳು: "ನಮ್ಮ ಪಿ.ಟಿ. ಸರ್ ಬಿದ್ದುಬಿಟ್ರು! ಮಾತಾಡ್ತಿಲ್ಲ! ಕಣ್ಣು ಬಿಡ್ತಿಲ್ಲ!"

ಡಾಕ್ಟರು ರೊಟ್ಟಿ ನೋಡಿದರು. ಕಿಟಕಿ ನೋಡಿದರು. ಎದ್ದೇಬಿಟ್ಟರು. "ಇದು ಊಟಕ್ಕೆ ಮುಂಚಿಂದು ಗಂಗಯ್ಯ. ಗಾಡಿ ತೆಗೀರಿ." ರಾತ್ರಿ ಪಾಳಿಯ ಡಾಕ್ಟರು ಆವತ್ತು ಬೇಗ ಬಂದಿದ್ದರಿಂದ ಎಮರ್ಜೆನ್ಸಿ ಅವರಿಗೆ ಒಪ್ಪಿಸಿ ಹೊರಟರು. ನಾನು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ನೀನೂ ಹತ್ತು, ಸಾಕ್ಷಿ!" ಎಂದು ನನ್ನನ್ನೂ ಎಳೆದುಕೊಂಡರು.

ದಾರಿಯಲ್ಲಿ ಸೂರ್ಯ ತೋಟಗಳ ಹಿಂದೆ ಮರೆಯಾಗಿಬಿಟ್ಟ. "ಮುಗೀತು" ಎಂದರು ಡಾಕ್ಟರು, ಬಹಳ ಮೆಲ್ಲಗೆ. ಸೀಬೆ ಮರದಿಂದ ಬಿದ್ದ ಹುಡುಗಿಯ ಹಾಗೆ ಕಂಡರು. "ಇನ್ನು ಅಜ್ಜಿ ಒಪ್ಪಲ್ಲ. ನನ್ನ ಮುಖಾನೂ ಅವರಿಗೆ ಕಾಣಲ್ಲ ಶಿಲ್ಪ, ಗೊತ್ತಾ? ಧ್ವನಿ ಕೇಳಿ ನಾನು ಸೊರಗಿದ್ದೀನಿ ಅಂತಾರೆ."

ಗಾಡಿ ಗುಡ್ಡ ಹತ್ತಿ ಕೊನೆಯ ತಿರುವು ದಾಟಿತು. ನನ್ನ ಬಾಯಿಂದ ತಾನಾಗಿ ಮಾತು ಹೊರಬಿತ್ತು.

"ಮೇಡಂ, ಅಲ್ಲೈತೆ!"

ಗುಡ್ಡದ ಮೇಲಿಂದ ನೋಡಿದರೆ ಸೂರ್ಯ ಇನ್ನೂ ಪೂರ್ತಿ ಇದ್ದ. ಕೆಂಪಗೆ, ದುಂಡಗೆ.

"ಅಜ್ಜಿ ಮಾತೇ ಅಲ್ವಾ?" ಗಂಗಯ್ಯ ಸ್ಟೀರಿಂಗ್ ಬಡಿದರು. "ಈ ಹುಡ್ಗಿ ಕಣ್ಣಿಗೆ ಕಾಣೋಗಂಟ ಹಗಲು!"

ಮೇಷ್ಟ್ರ ಹೆಸರು ಶರತ್ಚಂದ್ರ. ಬೆಳಗಿನಿಂದ ಅರವತ್ತೆರಡು ಮಕ್ಕಳಿಗೆ "ಜಾರ್ತೀರಾ, ಹುಷಾರು" ಎಂದು ಹೇಳುತ್ತ ಬಂದವರು, ಗುಂಪು ಫೋಟೋಕ್ಕೆ ಹಿಂದೆ ಹಿಂದೆ ನಡೆದು ತಾವೇ ಜಾರಿದ್ದರು. ಕಾಲು ಉಳುಕಿತ್ತು, ಅಷ್ಟೆ. ಅದು ಊದಿದ್ದನ್ನು ನೋಡಿ ಪ್ರಜ್ಞೆ ತಪ್ಪಿದ್ದರು. ಡಾಕ್ಟರು ನಾಡಿ ನೋಡಿದರು, ತಲೆಗೆ ಪೆಟ್ಟಾಗಿಲ್ಲವೆಂದು ಮುಟ್ಟಿ ಮುಟ್ಟಿ ನೋಡಿದರು, ಕಾಲು ಎತ್ತಿಟ್ಟು ಮುಖಕ್ಕೆ ನೀರು ಹಾಕಿ ಎಬ್ಬಿಸಿದರು, ಪಟ್ಟಿ ಕಟ್ಟಿದರು. ಅವಸರ ಮಾಡಲಿಲ್ಲ. ನಾನು ಗಡಿಯಾರ ನೋಡಿದೆ. ಆರಕ್ಕೆ ಐದು ನಿಮಿಷ.

ಆಮೇಲೆ ಗುಡ್ಡದ ಮೇಲಿನ ದೇವಸ್ಥಾನದ ನಲ್ಲಿಯಲ್ಲಿ ಕೈ ತೊಳೆದು, ಮೇಷ್ಟ್ರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ಗಂಗಯ್ಯ ಮಕ್ಕಳಿಗೆ ಪಂಥದ ಕತೆ ಹೇಳಿಬಿಟ್ಟರು. ಅರವತ್ತೆರಡು ಮಕ್ಕಳೂ ಸುತ್ತ ನಿಂತರು.

"ಒಂದೂ! ಎರಡೂ!"

ಅಷ್ಟು ವೇಗವಾಗಿ ಅಕ್ಕಿ ರೊಟ್ಟಿ ತಿನ್ನುವವರನ್ನು ನಾನು ಕಂಡಿಲ್ಲ. "ನೀರು ಕುಡೀರಿ ಮಿಸ್!" "ಚಟ್ನಿ ಹಚ್ಚಿ, ಜಾರುತ್ತೆ!" "ಮೂರೂ! ನಾಕೂ!" ಮೇಷ್ಟ್ರು ಗಾಬರಿಯಾಗಿ ನನ್ನನ್ನು ಕೇಳಿದರು, "ಏನಮ್ಮಾ, ನನಗೇನಾಗಿದೆ? ಯಾಕೆ ಎಣಿಸ್ತಿದ್ದಾರೆ?"

"ನಿಮಗೇನೂ ಇಲ್ಲ ಸಾರ್. ರೊಟ್ಟಿ ಎಣಿಸ್ತಾವ್ರೆ."

ಅವರು ಮತ್ತೆ ಕಣ್ಣು ಮುಚ್ಚಿದರು.

ಏಳನೆಯದು ಮುಗಿದಾಗ ಸೂರ್ಯ ಅರ್ಧ. ಎಂಟನೆಯದರಲ್ಲಿ ಅರ್ಧ ಹೋದಾಗ ಸೂರ್ಯ ಒಂದು ಗೆರೆ. ಡಾಕ್ಟರ ಕೆನ್ನೆ ಎರಡೂ ಉಬ್ಬಿ ಕಣ್ಣಲ್ಲಿ ನೀರು ಬಂದಿತ್ತು. ಬಾಯಲ್ಲಿದ್ದುದನ್ನು ನುಂಗಿದರು, ಕೊನೆಯ ಚೂರು ಎತ್ತಿದರು. ಸೂರ್ಯ ಹೋದ.

ಅರವತ್ತೆರಡು ಮಕ್ಕಳು ಉಸಿರು ಬಿಟ್ಟ ಸದ್ದು ಕೇಳಿಸಿತು. ಡಾಕ್ಟರು ಚೂರನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತರು. ಬಾಯಿಗೆ ಹಾಕುವಂತಿಲ್ಲ. ಡಬ್ಬಿಯಲ್ಲಿ ಬಿಡುವಂತಿಲ್ಲ.

ಆಗ ಪಕ್ಕದಿಂದ ಒಂದು ಕೈ ಬಂತು. ಶರತ್ಚಂದ್ರ ಮೇಷ್ಟ್ರು ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಕ್ಷಮಿಸಿ ಮೇಡಂ. ಬೆಳಗ್ಗಿಂದ ಇವರನ್ನ ಎಣಿಸೋದ್ರಲ್ಲೇ ಆಯ್ತು, ಒಂದು ತುತ್ತು ತಿಂದಿಲ್ಲ."

ಡಬ್ಬಿ ಖಾಲಿ. ಮಕ್ಕಳು ಕುಣಿದರು. ಗೆದ್ದೆವೋ ಸೋತೆವೋ ನನಗೆ ತಿಳಿಯಲಿಲ್ಲ.

ಮೇಷ್ಟ್ರನ್ನು ಆಸ್ಪತ್ರೆಗೆ ಮುಟ್ಟಿಸಿ, ಡಾಕ್ಟರು ಅವರ ಎಕ್ಸ್‌ರೇಗೆ ಬರೆಯುತ್ತಿರುವಾಗ ನಾನು ಬಸ್ತಿಹಳ್ಳಿಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕಾಯುತ್ತಿದ್ದರು. ನಾಲ್ಕೂ ಅಂತಸ್ತಿನೊಳಗೆ ಬೆರಳಾಡಿಸಿದರು. ಮೂಲೆಯನ್ನೂ ಬಿಡಲಿಲ್ಲ.

"ಖಾಲಿ" ಎಂದರು. ಧ್ವನಿ ಸಪ್ಪಗಿತ್ತು. "ಹೊತ್ತು ಮುಳುಗೋಕೆ ಮುಂಚೆ ಉಂಡಳಾ?"

"ಹೂಂ ಅಜ್ಜಿ."

"ಎಲ್ಲಾನೂ ಅವಳೇ ಉಂಡಳಾ?"

ಹತ್ತು ದಿನದಲ್ಲಿ ಈ ಪ್ರಶ್ನೆ ಒಂದು ದಿನವೂ ಬಂದಿರಲಿಲ್ಲ. ಒಂದು "ಹೂಂ" ಸಾಕಿತ್ತು.

"ಕೊನೇ ಚೂರು ಕಾಲು ಉಳುಕಿದ ಮೇಷ್ಟ್ರು ತಿಂದ್ರು" ಎಂದೆ. "ಹೊತ್ತು ಹೋಗಿತ್ತು. ಮೇಡಂ ಬಾಯಿಗೆ ಹಾಕ್ಲಿಲ್ಲ."

ಅಜ್ಜಿ ನೆಟ್ಟಗೆ ಕೂತರು. ಮುಖ ಅರಳಿತು. "ಹಾಗಾದ್ರೆ ತಪ್ಪಿತು! ಅವಳು ಖಾಲಿ ಮಾಡಿಲ್ಲ!"

ಮೇಡಂ ಗಾಡಿಯಲ್ಲಿ "ಮುಗೀತು" ಎಂದ ರೀತಿ ನೆನಪಾಯಿತು. ಅದುವರೆಗೆ ಯಾರೂ ಕೇಳದ್ದನ್ನು ನಾನು ಹೇಳಿದವಳಲ್ಲ.

"ಅಜ್ಜಿ, ಮೊದಲ್ನೇ ದಿನ ಮೂರು ರೊಟ್ಟಿ ಇತ್ತು. ಇವತ್ತು ಎಂಟು."

ಅಜ್ಜಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಎಣಿಸಿದ್ಯಾ?"

"ಹೂಂ."

"ದಿನಾ?"

"ಹೂಂ. ಕಡುಬೂ ಸೇರಿಸಿ."

ಸೆರಗಿನ ಅಂಚು ಮಡಚಿದರು, ಬಿಚ್ಚಿದರು. ಆಮೇಲೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ಹೆದರಿಕೆ ಕಣೇ. ಕಣ್ಣು ತೆಗೆದು ತಟ್ಟೇಲಿಟ್ಟು, ತೊಳೆದು ವಾಪಸ್ ಹಾಕ್ತಾರಂತೆ. ಎಡದ್ದು ಬಲಕ್ಕೆ ಹಾಕ್ಬಿಟ್ರೆ?"

"ಹಂಗೇನಿಲ್ಲ ಅಜ್ಜಿ. ಕಣ್ಣು ಇದ್ದಲ್ಲೇ ಇರ್ತದೆ. ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು ಅಂತ ಮೇಡಂ ಹೇಳವ್ರೆ."

"ನೀನು ಜೊತೇಲಿ ಬರ್ತೀಯಾ? ಎಡದ್ದು ಎಡದಲ್ಲೇ ಇದೆ ಅಂತ ನೋಡಿ ಹೇಳೋಕೆ?"

"ಬತ್ತೀನಿ."

"ರೊಟ್ಟಿ ವಿಷಯ ಅವಳಿಗೆ ಹೇಳ್ಬೇಡ."

"ಕೇಳಿದ್ರೆ ಹೇಳ್ತೀನಿ" ಎಂದೆ. ಅಜ್ಜಿ ನನ್ನ ತಲೆಗೆ ಮೊಟಕಿದರು.

ಡಾಕ್ಟರು ಕೇಳಲಿಲ್ಲ. ಅಜ್ಜಿ ಗೆದ್ದ ಪಂಥವನ್ನೂ ಬಿಟ್ಟುಕೊಟ್ಟರೆಂದು ಸಂತೋಷದಲ್ಲಿ ಅತ್ತುಬಿಟ್ಟರು.

ಜನವರಿ ಮೂರಕ್ಕೆ ಅರಸೀಕೆರೆಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಮುಂದಿನ ತಿಂಗಳು. ಮರುದಿನ ಪಟ್ಟಿ ಬಿಚ್ಚಿದಾಗ ನಾನು, ಡಾಕ್ಟರು ಇಬ್ಬರೂ ಮಂಚದ ಪಕ್ಕ ನಿಂತಿದ್ದೆವು. ಅಜ್ಜಿ ಮೊದಲು ಕಿಟಕಿ ನೋಡಿದರು, ಫ್ಯಾನ್ ನೋಡಿದರು, ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವಳಾ ಸಾಕ್ಷಿ? ಇಷ್ಟೇ ಇಷ್ಟು ಇದ್ದಾಳೆ! ಇವಳಿಗೆ ಹೆದರಿ ಕಣ್ಣು ಕೊಟ್ಟೆನಾ ನಾನು?"

ಆಮೇಲೆ ಮೊಮ್ಮಗಳ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಡಾಕ್ಟರ ಕಣ್ಣು ಮತ್ತೆ ತುಂಬಿಬಂತು.

"ಈ ಗುಂಡಮ್ಮ ಯಾರೇ?" ಅಜ್ಜಿ ನನ್ನನ್ನು ಕೇಳಿದರು.

"ಅಜ್ಜಿ, ನಾನು! ದರ್ಶಿನಿ!"

"ಅಯ್ಯೋ ಶಿವನೇ... ಅಲ್ಲ, ಜಿನನೇ! ಡಾಕ್ಟರಾಗಿ ಮೈ ಮೇಲೆ ಜ್ಞಾನ ಬೇಡ್ವೇನೇ? ಕೊಟ್ಟಿದ್ದನ್ನೆಲ್ಲ ತಿಂದುಬಿಡೋದಾ?"

ಮರುದಿನ ನಾಲ್ಕು ಗಂಟೆಗೆ ಡಬ್ಬಿ ತರಲು ಹೋದೆ. ಒಲೆಯ ಹತ್ತಿರ ಹೋಗಬಾರದೆಂದು ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿದ್ದರು. ಅಲ್ಲಿಂದಲೇ ಕಪ್ಪು ಕನ್ನಡಕ ಹಾಕಿಕೊಂಡು ಸೊಸೆ ತಟ್ಟುವ ರೊಟ್ಟಿ ತೆಳ್ಳಗಿಲ್ಲವೆಂದು ಬೈಯುತ್ತಿದ್ದರು. ಎರಡು ಅಂತಸ್ತಿನ ಹಳೆಯ ಡಬ್ಬಿಯೇ ವಾಪಸು ಬಂದಿತ್ತು.

ದಾರಿಯಲ್ಲಿ ಮುಚ್ಚಳ ತೆಗೆದು ನೋಡಿದೆ. ಎರಡು ರೊಟ್ಟಿ.