ಹುಚ್ಚೆಳ್ಳು ಹೂವಿನ ತಿಂಗಳು

ಎಡಗಡೆಯ ಬದುವಿನಿಂದ ಎಮ್ಮೆಯೊಂದು ರಸ್ತೆಗೆ ಇಳಿಯಿತು. ಮಹೇಶ್ವರಪ್ಪ ಬೈಕಿನ ವೇಗ ತಗ್ಗಿಸಲಿಲ್ಲ.

"ರೀ, ಎಮ್ಮೆ!" ಹಿಂದೆ ಕುಳಿತಿದ್ದ ಕಸ್ತೂರಮ್ಮ ಗಂಡನ ಭುಜ ಹಿಡಿದು ಕೂಗಿದಳು. ಬ್ರೇಕು ಕಿರುಗುಟ್ಟಿತು. ಎಮ್ಮೆ ಇವರತ್ತ ತಿರುಗಿಯೂ ನೋಡದೆ ಬಾಲ ಬೀಸುತ್ತಾ ದಾಟಿಹೋಯಿತು.

"ನೋಡಿದ್ದೆ ಬಿಡು. ಅದಕ್ಯಾಕೆ ಹಂಗೆ ಕಿರುಚ್ತೀಯ?" ಎಂದ ಮಹೇಶ್ವರಪ್ಪ.

ಅವನು ನೋಡಿರಲಿಲ್ಲ. ಕೈಯ ಕೆಳಗೆ ಅವನ ಭುಜ ಬೆಚ್ಚಿಬಿದ್ದದ್ದು ಅವಳು ಕೂಗಿದ ಮೇಲೆಯೇ ಹೊರತು ಮೊದಲಲ್ಲ. ಬೈಕು ಮತ್ತೆ ಹೊನ್ನಾಳಿ ದಾರಿ ಹಿಡಿದಾಗ ಕಸ್ತೂರಮ್ಮ ಸೀಟಿನ ಹಿಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನ್ಯಾಮತಿ ಬಿಡುವಾಗಲೇ ಬಸ್ಸಿಗೆ ಹೋಗೋಣ ಎಂದಿದ್ದಳು. ಅವನು ಕೇಳಿರಲಿಲ್ಲ. ಅಂದು ಸೀಗೆ ಹುಣ್ಣಿಮೆ, ಹೊನ್ನಾಳಿಯಲ್ಲಿ ಶರತ್ ಕವಿಗೋಷ್ಠಿ. ಪ್ರತಿವರ್ಷ ಅಲ್ಲಿ ಹೊಸ ಕವಿತೆ ಓದುತ್ತಿದ್ದ ಅವನಿಗೆ ದಾರಿಯ ಹೊಲಗಳನ್ನು ನೋಡಿಕೊಂಡೇ ಹೋಗಬೇಕು.

ಮಹೇಶ್ವರಪ್ಪನದು ನ್ಯಾಮತಿಯ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ. ಗೌರಿ ಹಬ್ಬ ಕಳೆದಾಗಿನಿಂದ ಅವನಲ್ಲಿ ಏನೋ ಬದಲಾಗಿತ್ತು. ಊಟಕ್ಕೆ ಕೂತರೆ ಎಡಗೈ ತಗುಲಿ ನೀರಿನ ಲೋಟ ಉರುಳುತ್ತಿತ್ತು. ಐವತ್ತೆರಡು ವರ್ಷ ಓಡಾಡಿದ ಮನೆಯಲ್ಲೇ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದ. ಅಂಗಡಿಯಲ್ಲಿ ಪಕ್ಕಕ್ಕೆ ನಿಂತ ಹೆಂಗಸೊಬ್ಬಳು ರವಿಕೆ ಬಟ್ಟೆಗೆ ಕೈಚಾಚಿ ಎಷ್ಟೋ ಹೊತ್ತು ಕಾದು, "ಸಾವ್ಕಾರ್ರಿಗೆ ನಾವು ಕಣ್ಣಿಗೇ ಕಾಣಲ್ಲೇನೋ" ಎಂದು ಸಿಟ್ಟಾಗಿ ಹೋಗಿದ್ದಳು. ಅಂಗಿ ಜೇಬಿನಲ್ಲಿ ಕಣ್ಣಿಗೆ ಹಾಕುವ ಔಷಧಿಯ ಪುಟ್ಟ ಬಾಟಲಿ ಸಿಕ್ಕಾಗ ಕಸ್ತೂರಮ್ಮ ಕೇಳಿದ್ದಳು. "ಧೂಳು ಕಣೇ, ಧೂಳಿಗೆ" ಎಂದು ಕಿತ್ತುಕೊಂಡಿದ್ದ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಅವನ ಸಂಜೆಯ ತಿರುಗಾಟ. ವ್ಯಾಪಾರದ ಹೊತ್ತಿನಲ್ಲೇ ಅಂಗಡಿ ಮುಚ್ಚಿ ಒಬ್ಬನೇ ಬೈಕು ಹತ್ತಿ ಹೋಗುವನು. ಎಲ್ಲಿಗೆ ಎಂದರೆ "ಹಿಂಗೇ" ಎನ್ನುವನು. ಕತ್ತಲಾಗುವ ಮುಂಚೆ ಮರಳುವಾಗ ಪ್ಯಾಂಟಿನ ಮೊಣಕಾಲಿಗೆ ಹಳದಿ ಪುಡಿ ಮೆತ್ತಿರುತ್ತಿತ್ತು. ಒಗೆಯುವಾಗ ಅವಳು ಅದನ್ನು ಮೂಸಿ ನೋಡಿದ್ದಳು. ಹೂವಿನ ಪುಡಿ. ಯಾವ ಹೂವು, ಯಾಕೆ, ಅರ್ಥವಾಗಿರಲಿಲ್ಲ.

ಈಗ ದಾರಿಯ ಎಡಕ್ಕೆ ಹುಚ್ಚೆಳ್ಳಿನ ಹೊಲವೊಂದು ಪೂರ್ತಿ ಅರಳಿ ನಿಂತಿತ್ತು. ಇಳಿಬಿಸಿಲು ಬಿದ್ದು ಇಡೀ ಇಳಿಜಾರು ಅರಿಶಿನ ಚೆಲ್ಲಿದಂತಿತ್ತು. ಹಿಂದಿನ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಬೈಕು ನಿಂತಿರುತ್ತಿತ್ತು, "ಇಳಿ, ನೋಡಿಲ್ಲಿ" ಎಂದು ಅವಳನ್ನು ಬದುವಿಗೆ ಹತ್ತಿಸಿರುತ್ತಿದ್ದ. ಮಹೇಶ್ವರಪ್ಪ ಹೊಲವನ್ನು ಸರಕ್ಕನೆ ದಾಟಿದ.

"ರೀ, ಹುಚ್ಚೆಳ್ಳು ಎಷ್ಟು ಚೆನ್ನಾಗೈತೆ" ಎಂದಳು ಕಸ್ತೂರಮ್ಮ, ಪರೀಕ್ಷೆ ಮಾಡುವವಳಂತೆ.

"ಹೂಂ, ಚೆನ್ನಾಗೈತೆ" ಎಂದ. ಕತ್ತು ತಿರುಗಲಿಲ್ಲ.

ನಿಲ್ಲಿಸಿ ಎನ್ನಬೇಕು. ಅಂದರೆ ಕೂಗಾಡುತ್ತಾನೆ, ಕವಿತೆ ಓದುವ ಮನಸ್ಸು ಕೆಡುತ್ತದೆ. ಮುಂದಿನ ಊರು ಬರಲಿ, ಅಲ್ಲಿ ಹೇಳೋಣ ಎಂದುಕೊಂಡಳು.

ಮುಂದಿನ ಊರಿನ ಹೊರಗೆ ರೈತರು ರಸ್ತೆಯ ಎಡ ಅರ್ಧಕ್ಕೆ ಮೆಕ್ಕೆಜೋಳ ಹರಡಿದ್ದರು. ವಾಹನ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಸೂರ್ಯ ಮುಳುಗಿ ಕಾಳಿನ ಬಣ್ಣವೂ ರಸ್ತೆಯ ಬಣ್ಣವೂ ಒಂದಾಗುವ ಹೊತ್ತು. ಎದುರಿನಿಂದ ಲಾರಿಯೊಂದು ದೀಪ ಉರಿಸಿಕೊಂಡು ಹಾರನ್ ಹೊಡೆಯಿತು. ಮಹೇಶ್ವರಪ್ಪ ಎಡಕ್ಕೆ ಸರಿದ.

"ಕಲ್ಲು! ರೀ, ಕಲ್ಲು!"

ಮುಂದಿನ ಚಕ್ರ ಕಲ್ಲಿಗೆ ಬಡಿದು ಜೋಳದ ಮೇಲೆ ಹತ್ತಿತು. ಕಾಳಿನ ಮೇಲೆ ಬೈಕು ಜಾರುತ್ತಾ ಹೋಗಿ ಪಕ್ಕಕ್ಕೆ ಬಿತ್ತು. ಕಸ್ತೂರಮ್ಮ ಕಾಳಿನ ಮೇಲೆಯೇ ಬಿದ್ದಳು. ಅಂಗೈ ತರಚಿತ್ತು, ಅಷ್ಟೆ. ತಲೆಯೆತ್ತುವಷ್ಟರಲ್ಲಿ ಮುದುಕಿಯೊಬ್ಬಳು ಜೋಳ ಎಳೆಯುವ ಹಲಗೆ ಬಿಸಾಡಿ ಓಡಿಬರುತ್ತಿದ್ದಳು. ಬಂದವಳು ಇವರನ್ನು ನೋಡಲೇ ಇಲ್ಲ. ರಾಶಿಯ ಮಗ್ಗುಲಿಗೆ, ಖಾಲಿ ಚೀಲದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ್ದ ಕೂಸನ್ನು ಬಾಚಿ ಎದೆಗೆ ಒತ್ತಿಕೊಂಡಳು. ಕೂಸು ಮಲಗಿದ್ದ ಜಾಗಕ್ಕೂ ಬೈಕಿನ ಹ್ಯಾಂಡಲ್ಲಿಗೂ ನಡುವೆ ಇದ್ದದ್ದು ಒಂದು ಮಾರು.

"ಕಣ್ಣು ಎಲ್ಲಿಟ್ಟಿದ್ದೆಯೋ ನಿಂದು? ಈ ದುರುಗಮ್ಮನ ಮೊಮ್ಮಗಳೇ ಬೇಕಿತ್ತಾ ನಿನ್ ಗಾಡಿಗೆ?" ಮುದುಕಿ ಕೂಗಿದಳು. "ಇಷ್ಟು ದೊಡ್ಡ ರಾಶಿ ಕಾಣಲ್ವೇನು?"

ಮಹೇಶ್ವರಪ್ಪ ಎದ್ದು ಕೂತಿದ್ದ. ಮುದುಕಿಯ ತೋಳಿನಲ್ಲಿದ್ದ ಕೂಸನ್ನೇ ನೋಡಿದ. ಕೂಸಿಗೆ ಎಚ್ಚರವೂ ಆಗಿರಲಿಲ್ಲ.

"ಕಾಣ್ಲಿಲ್ಲವ್ವ" ಎಂದ. "ನಂಗೆ ಕಣ್ಣು ಕಾಣಲ್ಲ. ಪಕ್ಕದ್ದು ಏನೂ ಕಾಣಲ್ಲ."

ಹೆಂಡತಿಗೆ ಹೇಳದ ಮಾತನ್ನು ಅವನು ಗುರುತಿಲ್ಲದ ಮುದುಕಿಗೆ ಹೇಳಿದ್ದ. ಕಸ್ತೂರಮ್ಮನಿಗೆ ಅಳು ಬರಲಿಲ್ಲ. ಎದ್ದು ಹೋಗಿ ಬೈಕಿನ ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾವತ್ತಿಂದ?"

"ಆಷಾಢದಾಗೆ ಶಿವಮೊಗ್ಗಕ್ಕೆ ಹೋಗಿದ್ನಲ್ಲ, ಆವಾಗ ಡಾಕ್ಟ್ರು ಹೇಳಿದ್ರು. ಹೋಗಿದ್ದು ವಾಪಸ್ ಬರಲ್ಲ, ಔಷಧಿ ಬಿಡ್ದಂಗೆ ಹಾಕಿದ್ರೆ ಇರೋದು ಉಳೀಬೋದು ಅಂತ."

"ಗಾಡಿ?"

"ಹೊಡೀಬ್ಯಾಡ ಅಂದಿದ್ರು."

"ಅಂದ್ರೂ ದಿನಾ ಸಂಜೆ ಹೋಗ್ತಿದ್ರಲ್ಲ! ನಾನು ಏನೇನೋ ಅಂದ್ಕಂಡು ಸಾಯ್ತಿದ್ದೆ."

"ಹೊಲ ನೋಡಾಕೆ ಕಣೇ. ಹುಚ್ಚೆಳ್ಳು ಹೂವು ಬಿಡೋದು ಒಂದು ತಿಂಗಳು. ಬರೋ ವರ್ಷ ಎಷ್ಟು ಕಾಣ್ತೈತೋ. ಹೊಲದೊಳಗೇ ಹೋಗಿ ಮೊಣಕಾಲೂರಿ, ಒಂದೊಂದೇ ಹೂವು ನೋಡ್ತಿದ್ದೆ. ಹೇಳಿದ್ರೆ ನೀನು ಬಿಡ್ತಿದ್ದೆಯಾ?"

ಬಿಡುತ್ತಿರಲಿಲ್ಲ. ಅವಳು ಬಗ್ಗಿ, ರಸ್ತೆಯಾಚೆ ಚೆಲ್ಲಿಹೋಗಿದ್ದ ಕಾಳನ್ನು ಬಾಚತೊಡಗಿದಳು. ಮಹೇಶ್ವರಪ್ಪನೂ ಮಂಡಿಯೂರಿ ಕೈಯಾಡಿಸಿದ. ಹುಲ್ಲಿನ ನಡುವಿನ ಕಾಳನ್ನು ಅವನ ಬೆರಳು ತಡಕಿ ಹುಡುಕುತ್ತಿತ್ತು. ಸ್ವಲ್ಪ ಹೊತ್ತು ನೋಡುತ್ತಾ ನಿಂತ ದುರುಗಮ್ಮ, "ಬಿಡ್ರಿ, ನಾನು ತುಂಬ್ಕಂತೀನಿ" ಎಂದಳು. ಅವರು ಬಿಡಲಿಲ್ಲ. ಅವಳು ಕೂಸನ್ನು ಮಡಿಲಿಗೆ ಹಾಕಿಕೊಂಡು ರಾಶಿಯ ಪಕ್ಕ ಕೂತಳು.

ಫೋನು ರಿಂಗಾಯಿತು. ಗೋಷ್ಠಿ ನಡೆಸುವ ಕಾಲೇಜು ಮೇಷ್ಟ್ರು ವಿನಯ್ ಕುಮಾರ್. ಗಂಡನ ಜೇಬಿನಿಂದ ಕಸ್ತೂರಮ್ಮನೇ ತೆಗೆದು ಮಾತಾಡಿದಳು. "ಬರಾಕೆ ಆಗಲ್ಲ ಸರ್. ಗಾಡಿ ಬಿತ್ತು. ಇಲ್ಲ, ಏನೂ ಆಗಿಲ್ಲ. ಯಾರನ್ನಾದ್ರೂ ಕಾರು ಕೊಟ್ಟು ಕಳಿಸ್ತೀರಾ? ಊರಿಗೆ ವಾಪಸ್ ಹೋಗ್ತೀವಿ."

ಮೂವರೂ ರಸ್ತೆ ಬದಿಯಲ್ಲಿ ಕಾಯುತ್ತಾ ಕೂತರು.

"ಎಲ್ಲಿಗೆ ಹೊರಟಿದ್ರಿ?" ದುರುಗಮ್ಮ ಕೇಳಿದಳು. ದನಿಯಲ್ಲಿ ಸಿಟ್ಟು ಇಳಿದಿತ್ತು.

"ಇವರು ಕವಿತೆ ಓದಾಕೆ."

"ಪದನಾ? ಹೇಳು ಮತ್ತೆ. ನನ್ ಜೋಳ ಚೆಲ್ಲಿದ್ದಕ್ಕೆ ಅಷ್ಟಾದ್ರೂ ಬ್ಯಾಡವಾ?"

ಮಹೇಶ್ವರಪ್ಪ ಮುಜುಗರದಿಂದ ನಕ್ಕ. ಜೇಬಿನ ಹಾಳೆ ತೆಗೆಯಲಿಲ್ಲ. ಮೈಕಿನ ಮುಂದೆ ಎತ್ತುವ ದನಿಯನ್ನು ಬಿಟ್ಟು, ಕೂಸು ಏಳದ ಹಾಗೆ ಮೆಲ್ಲಗೆ ಹೇಳಿದ:

"ಮಳೆ ತನ್ನ ಮಾತು ಮುಗಿಸಿ ಹೋದ ಮೇಲೆ
ಹೊಲ ಒಂದಿಷ್ಟು ಹೊತ್ತು ಸುಮ್ಮನಿರುತ್ತದೆ.
ಆ ಸುಮ್ಮನೆಯೊಳಗೆ ಹುಚ್ಚೆಳ್ಳು
ಒಬ್ಬರಿಗೂ ಹೇಳದೆ ಹಳದಿಯಾಗುತ್ತದೆ.
ಶರತ್ಕಾಲವೇ, ಅವಸರ ಬೇಡ ನಿನಗೆ,
ನಾನಿನ್ನೂ ಪೂರ್ತಿ ನೋಡಿಲ್ಲ ನಿನ್ನ."

ದುರುಗಮ್ಮ ಇನ್ನೂ ಇದೆಯೇನೋ ಎಂದು ಕಾದಳು. "ಇದೇನು ಪದ, ರಾಗಾನೇ ಇಲ್ಲ, ಮಾತಾಡಿದಂಗೇ ಐತೆ" ಎಂದಳು. ಆಮೇಲೆ ಕೂಸಿನ ತಲೆ ನೇವರಿಸುತ್ತಾ, "ಆದ್ರೂ ಖರೇ ಐತೆ ಬಿಡು" ಎಂದಳು.

ಮೂಡಲಲ್ಲಿ ಹುಣ್ಣಿಮೆಯ ಚಂದ್ರ ಎದ್ದಿದ್ದ. ತೊಗರಿ ಹೊಲದ ಮೇಲೆ, ಇಬ್ಬನಿ ಹಿಡಿಯತೊಡಗಿದ್ದ ಹುಲ್ಲಿನ ಮೇಲೆ ಬೆಳಕು ಹರಡಿತು. ಕಸ್ತೂರಮ್ಮನಿಗೆ ಕೇಳಲು ಭಯವಾಯಿತು. ಕೇಳಿದಳು.

"ಚಂದ್ರ ಕಾಣ್ತಾನಾ?"

ಮಹೇಶ್ವರಪ್ಪ ಮುಖವನ್ನು ನಿಧಾನವಾಗಿ ಆಚೀಚೆ ಆಡಿಸಿ, ಒಂದು ಕಡೆ ನಿಲ್ಲಿಸಿದ.

"ಕಾಣ್ತಾನೆ. ಕೊಳವೆಯೊಳಗಿಂದ ನೋಡಿದಂಗೆ. ಅವನೊಬ್ಬನೇ ಇದಾನೆ, ಸುತ್ತ ಏನೂ ಇಲ್ಲ." ಕತ್ತು ಅಲುಗಿಸದೆ, "ಬಹಳ ಚೆನ್ನಾಗಿದಾನೆ" ಎಂದ.

ಕಾರು ಇನ್ನೂ ಬಂದಿರಲಿಲ್ಲ; ದೂರದ ತಿರುವಿನಲ್ಲಿ ಬಸ್ಸೊಂದರ ದೀಪ ಕಂಡಿತು. ಕಸ್ತೂರಮ್ಮ ಎದ್ದಳು. ಅವನ ಹಿಂದಿನಿಂದ ಸುತ್ತಿ ಬಂದು, ಸೀರೆಯ ನೆರಿಗೆ ಒತ್ತಿಕೊಂಡು, ಅವನಿಗೂ ರಸ್ತೆಗೂ ನಡುವೆ, ಅವನಿಗೆ ಕಾಣದ ಎಡಕ್ಕೆ ಕೂತಳು. ಅವನು ಇನ್ನೂ ಚಂದ್ರನನ್ನೇ ನೋಡುತ್ತಿದ್ದ.