ಹೆಗಲಪಟ್ಟಿಯಿಲ್ಲದ ಚೀಲ

ನಾನು ಒಂದು ಆಟದ ಚೀಲ. ನಿಪ್ಪಾಣಿಯ ಬಜಾರಿನಲ್ಲಿ, ಹೊಲಿಗೆ ಯಂತ್ರವೊಂದರ ಸೂಜಿಯ ಕೆಳಗೆ ಹುಟ್ಟಿದೆ. ದಪ್ಪ ನೀಲಿ ಕ್ಯಾನ್ವಾಸು, ಉದ್ದಕ್ಕೊಂದು ಜಿಪ್ಪು, ಪಕ್ಕದಲ್ಲೊಂದು ಕಿಸೆ, ಹೆಗಲಿಗೆ ಹಾಕಿಕೊಳ್ಳಲು ಒಂದು ಅಗಲವಾದ ಪಟ್ಟಿ. ಬೇರೆ ಹಿಡಿಗಳಿಲ್ಲ. ಹೊಲಿದವನು ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಚೀಲ ಹರಿದ್ರೂ ಇದು ಹರಿಯಂಗಿಲ್ಲ" ಎಂದಿದ್ದ.

ಒಂದು ಕಬಡ್ಡಿ ತಂಡಕ್ಕೆ ನಮ್ಮಂಥ ಹನ್ನೆರಡು ಚೀಲಗಳು ಹೋದವು. ನಾನು ಭರತೇಶನ ಪಾಲಿಗೆ ಬಂದೆ. ಅಂಕಣದ ಅಂಚಿನಲ್ಲಿ ಕೂತು ಅವನ ಆಟ ನೋಡುತ್ತಿದ್ದೆ. ಎದುರಾಳಿಗಳ ಕಡೆ ನುಗ್ಗಿದರೆ ಮುಟ್ಟಿ ಮರಳುವವರೆಗೆ ಅವನ ಉಸಿರು ಕಡಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಬೆವರಿನ ಬನಿಯನ್ನುಗಳ ನಡುವೆ ಹೆಂಡತಿ ತ್ರಿಶಲಾ ಕಟ್ಟಿಕೊಟ್ಟ ಶೇಂಗಾ ಉಂಡಿಗಳೂ ನನ್ನೊಳಗೆ ಬಂದವು.

ಒಂದು ಪಂದ್ಯದಲ್ಲಿ ಅವನ ಮೊಣಕಾಲು ತಿರುಚಿತು. ಆಪರೇಷನ್ ಆಯಿತು. ನೋವಿಗೆಂದು ಕೊಟ್ಟ ಮಾತ್ರೆ ನೋವು ಹೋದ ಮೇಲೂ ಉಳಿಯಿತು. ಮಾತ್ರೆ ಸಾಲದಾದಾಗ ಯಾರೋ ಹೆರಾಯಿನ್ ತಂದುಕೊಟ್ಟರು. ಮೊದಲು ತಿಳಿದದ್ದು ನನಗೆ. ಕಾಗದದ ಪೊಟ್ಟಣ ಬಂದು ಕೂತದ್ದು ನನ್ನ ಪಕ್ಕದ ಕಿಸೆಯಲ್ಲೇ. ಹೇಳಲು ನನಗೆ ಬಾಯಿಲ್ಲ. ಇರುವುದು ಜಿಪ್ಪು, ಅದನ್ನೂ ಅವನೇ ಎಳೆದುಕೊಳ್ಳುತ್ತಿದ್ದ.

ಎಂಟು ತಿಂಗಳ ನಂತರ ಪೊಟ್ಟಣ ತ್ರಿಶಲಾಳ ಕೈಗೆ ಸಿಕ್ಕಿತು. ಅವಳು ಕೂಗಾಡಲಿಲ್ಲ. ಅದನ್ನು ಅವನ ಮುಂದಿಟ್ಟು ಕೂತಳು.

"ಬಿಡಬೇಕ ಅನಸ್ತದೇನು?"

"ಅನಸ್ತದ. ಆಗವಲ್ದು."

ಮರುದಿನ ಅವಳು ಅವನ ಎರಡು ಜೊತೆ ಬಟ್ಟೆ, ತಟ್ಟೆ, ಲೋಟ ತುಂಬಿ ನನ್ನನ್ನು ಹೆಗಲಿಗೆ ಹಾಕಿಕೊಂಡಳು. ಊರ ಹೊರಗೆ ಚಟ ಬಿಡಿಸುವ ಕೇಂದ್ರವೊಂದಿತ್ತು. ಮೂರು ತಿಂಗಳು ಯಾರೂ ಭೇಟಿಯಾಗುವಂತಿಲ್ಲ ಎಂದ ಅದರ ಯಜಮಾನ.

"ಡಾಕ್ಟರ್ ಯಾವಾಗ ಬರ್ತಾರ್ರೀ?"

"ಡಾಕ್ಟರ್ ಯಾಕ್ರೀ ಬಾಯಾರ? ನಾವ ಅದೀವಲ್ಲ." ಅವನ ಮೇಜಿನ ಮೇಲೊಂದು ಬೆತ್ತವಿತ್ತು.

ಮಾಳಿಗೆಯ ಕಿಟಕಿಯಿಂದ ಯಾರೋ ಕೂಗಿದರು: "ಅಕ್ಕಾ, ನಮ್ಮ ಮನಿಗೊಂದು ಫೋನ್ ಮಾಡ್ರಿ." ತ್ರಿಶಲಾ ನನ್ನನ್ನು ಎತ್ತಿಕೊಂಡು, ಭರತೇಶನ ಕೈ ಹಿಡಿದು ಹೊರಗೆ ನಡೆದಳು.

ನಂತರ ಸರ್ಕಾರಿ ಮಾನಸಿಕ ಆಸ್ಪತ್ರೆ. ನಾಲ್ಕು ತಾಸಿನ ಬಸ್ಸು, ಮೂರು ತಾಸಿನ ಸಾಲು. ಡಾಕ್ಟರು ಒಳ್ಳೆಯವರು, ಒಳಗಿಟ್ಟೇ ಚಿಕಿತ್ಸೆ ಕೊಡಬೇಕೆಂದು ಬರೆದರು. ಆದರೆ ನರ್ಸು ತಲೆಯಾಡಿಸಿದರು.

"ಹಾಸಿಗಿ ಖಾಲಿ ಇಲ್ರಿ. ನಂಬರ್ ಕೊಟ್ಟ ಹೋಗ್ರಿ, ನಾವ ಫೋನ್ ಮಾಡ್ತೀವಿ. ಹದಿನೈದ ದಿನ ಆಗಬಹುದು, ತಿಂಗಳೂ ಆಗಬಹುದು. ಬರೂ ಮುಂದ ಬೆಲ್ಟು, ಬ್ಲೇಡು, ಲಾಡಿ ತರಬ್ಯಾಡ್ರಿ. ಈ ಚೀಲದ ಪಟ್ಟಿನೂ ನಡಿಯಂಗಿಲ್ಲ, ಯಾರರ ಕೊರಳಿಗೆ ಹಾಕ್ಕೊಂಡಾರು."

ಬಸ್ ಸ್ಟ್ಯಾಂಡಿನಲ್ಲಿ ಭರತೇಶ ಬೆವರುತ್ತ, ಆಕಳಿಸುತ್ತ ನಕ್ಕ. "ಮುಟ್ಟಿ ವಾಪಸ್ ಬಂದ್ರ ಪಾಯಿಂಟ್ ಸಿಗ್ತದ. ನಾವು ಗೆರಿನೂ ದಾಟಲಿಲ್ಲ ನೋಡು."

ಮನೆಗೆ ಬಂದು ತ್ರಿಶಲಾ ಅವನ ಹೊಸ ಪೈಜಾಮದ ಲಾಡಿ ಎಳೆದು ತೆಗೆದು, ಪಿನ್ನು ಸಿಕ್ಕಿಸಿ ಇಲಾಸ್ಟಿಕ್ ತೂರಿಸಿದಳು. ಆಮೇಲೆ ಬ್ಲೇಡಿನಿಂದ ನನ್ನ ಹೆಗಲಪಟ್ಟಿಯ ಹೊಲಿಗೆ ಬಿಚ್ಚಿದಳು. ಹರಿಯದ ಪಟ್ಟಿ ಹೊಲಿಗೆ ಬಿಚ್ಚಿದರೆ ಸುಮ್ಮನೆ ಬಂದುಬಿಡುತ್ತದೆ. ಪಟ್ಟಿಯನ್ನೂ ಲಾಡಿಯನ್ನೂ ಸುತ್ತಿ, ಹೊರಡುವ ದಿನ ತೆಗೆದಿಟ್ಟರಾಯಿತೆಂದು ಪಕ್ಕದ ಕಿಸೆಗಿಟ್ಟಳು. "ಬಂದ ಮ್ಯಾಲ ಹಾಕಿಕೊಡ್ತೀನಿ" ಎಂದಳು.

ಕಾಯುವುದು ಅವನಿಗೆ ಆಗಲಿಲ್ಲ. ತಾನೇ ಬಿಡುತ್ತೇನೆಂದು ಕೋಣೆ ಸೇರಿದ. ವಾಂತಿ, ಭೇದಿ, ನಡುಕ. ಅವನ ತಾಯಿ ಚಂದ್ರವ್ವ ಬಸದಿಯಿಂದ ಗಂಧೋದಕ ತಂದು ಹಣೆಗೆ ಹಚ್ಚಿದಳು. ಒಂಬತ್ತನೆಯ ದಿನ ಅವನು ರೊಟ್ಟಿ ಕೇಳಿದ. ಹನ್ನೆರಡನೆಯ ದಿನ ಮೈದಾನದವರೆಗೆ ನಡೆದು ಬಂದ.

ಹದಿಮೂರನೆಯ ದಿನ ಫೋನು ಬಂತು. ಹಾಸಿಗೆ ಖಾಲಿಯಾಗಿದೆ, ಸಂಜೆಯೊಳಗೆ ಬನ್ನಿ. ನಾನು ತುಂಬಿಕೊಂಡು ಬಾಗಿಲ ಬಳಿಯೇ ಇದ್ದೆ.

"ಚಲೋ ಆಗ್ಯಾನಲ್ಲವಾ" ಎಂದಳು ಚಂದ್ರವ್ವ. "ಹುಚ್ಚರ ದವಾಖಾನಿ ಹೆಸರ ಯಾಕ ಹಚ್ಚತಿ ಅವಗ?"

ತ್ರಿಶಲಾ ಗಂಡನತ್ತ ನೋಡಿದಳು. ಅವನು ರೊಟ್ಟಿ ಮುರಿಯುತ್ತ, "ನೀ ಹೇಳಿದಂಗ" ಎಂದ. ಅವಳು ಅವನ ಊಟವನ್ನೇ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವನು ಹೊಟ್ಟೆತುಂಬ ಉಣ್ಣುತ್ತಿದ್ದ.

"ಬ್ಯಾಡ್ರಿ" ಎಂದಳು ಫೋನಿಗೆ. "ಆರಾಮ ಆಗ್ಯಾರ. ಬ್ಯಾರೇದವರಿಗೆ ಕೊಡ್ರಿ."

"ಖರೇನ ಬ್ಯಾಡೇನ್ರಿ?" ನರ್ಸು ಎರಡು ಸಲ ಕೇಳಿದರು. ಎರಡು ಸಲವೂ ಅವಳು ಅದನ್ನೇ ಹೇಳಿದಳು.

ಐದು ದಿನದ ಮೇಲೆ, ಮಧ್ಯಾಹ್ನ ಅವಳು ಬಟ್ಟೆ ಒಣಹಾಕುತ್ತಿದ್ದಾಗ, ಭರತೇಶ ಬಚ್ಚಲಿನ ಬಾಗಿಲು ಹಾಕಿಕೊಂಡ. ಒಡೆದು ತೆಗೆದಾಗ ನೆಲದ ಮೇಲೆ ಅದೇ ಕಾಗದದ ಪೊಟ್ಟಣ ಬಿದ್ದಿತ್ತು, ಅವನ ತುಟಿ ನೀಲಿಯಾಗಿತ್ತು. ಅಂಕಣದಲ್ಲಿ ಕಡಿಯದ ಉಸಿರು ಅಲ್ಲಿ ಸದ್ದಿಲ್ಲದೆ ನಿಂತಿತ್ತು.

ಊರ ದವಾಖಾನೆಯ ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರಂತೆ: "ಕೆಲವು ದಿನ ಬಿಟ್ಟ ಮ್ಯಾಲ ಹಳೇ ಅಳತಿ ಮೈ ತಾಳಂಗಿಲ್ಲಮ್ಮ. ಅದಕ್ಕ ಒಳಗ ಇಟ್ಕೊಂಡು ಬಿಡಸೂದು." ಮನೆಗೆ ಬಂದ ತ್ರಿಶಲಾ ಆ ಮಾತನ್ನು ಚಂದ್ರವ್ವನಿಗೆ ಒಮ್ಮೆ ಹೇಳಿದಳು. ಮತ್ತೆ ಯಾರಿಗೂ ಹೇಳಲಿಲ್ಲ.

ಅವನ ಬಟ್ಟೆಗಳನ್ನೆಲ್ಲ ಕೊಟ್ಟರು. ನನ್ನನ್ನೂ ನನ್ನೊಳಗಿನ ಆ ಪೈಜಾಮವನ್ನೂ ಮಾತ್ರ ಕೊಡಲಿಲ್ಲ. ಈಗ ಅಟ್ಟದ ಮೇಲಿದ್ದೇನೆ. ಕ್ಯಾನ್ವಾಸಿನ ಮಡಿಕೆಗಳು ಬೆಳ್ಳಗಾಗಿವೆ, ಜಿಪ್ಪಿನ ಹಲ್ಲುಗಳು ಹಸಿರುಗಟ್ಟಿವೆ. ಹೊರುವುದಕ್ಕೆಂದು ಹುಟ್ಟಿದವನು ನಾನು. ಮುಟ್ಟಿಸುವುದು ಚೀಲದ ಕೈಯಲ್ಲಿಲ್ಲ ಎಂಬುದು ಇಲ್ಲಿ ಕೂತು ತಿಳಿಯಿತು. ವರ್ಷಕ್ಕೆ ಒಂದೆರಡು ಬಾರಿ ತ್ರಿಶಲಾ ನನ್ನನ್ನು ಇಳಿಸುತ್ತಾಳೆ. ಪಟ್ಟಿಯಿಲ್ಲದ್ದರಿಂದ ಎರಡೂ ಕೈಯಲ್ಲಿ ಅಪ್ಪಿಕೊಂಡೇ ಇಳಿಸಬೇಕು. ಪೈಜಾಮ ತೆಗೆದು ಮತ್ತೆ ಮಡಚಿಡುತ್ತಾಳೆ. ಅದರ ಸೊಂಟದಲ್ಲಿ ಈಗಲೂ ಇಲಾಸ್ಟಿಕ್ಕೇ ಇದೆ. ಲಾಡಿ ಪಕ್ಕದ ಕಿಸೆಯಲ್ಲಿ, ಅವಳು ಅಂದು ಸುತ್ತಿಟ್ಟ ಹಾಗೆಯೇ ಇದೆ.