ಗಿಡ್ಡ ಹಿಡಿ

"ಆಚಾರ್ರೆ, ಇದಕ್ಕೆ ಪೂರಾ ಉದ್ದದ ಮರ ಆಯ್ಕ್. ಹಿಂದೆ ಭುಜಕ್ಕೆ ಸಮ ಕೂರ್ಕ್, ಮುಂದೆ ನಳಿಗೆ ತುದಿವರೆಗೆ ಬರ್ಕ್," ಎಂದು ಪ್ರಖ್ಯಾತ್ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದ ಕೋವಿಯನ್ನು ಕೆಲಸದ ಮಣೆಯ ಮೇಲೆ ಇಟ್ಟ. ಇಟ್ಟದ್ದೇನು, ಒಗೆದ. ಚಂದಯ್ಯ ಆಚಾರಿ ಬೆಳಿಗ್ಗೆಯಿಂದ ಉಜ್ಜಿ ನಯ ಮಾಡಿದ್ದ ದೇವರ ಮಂಟಪದ ಕಂಬವೊಂದು ಉರುಳಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಡಬೇಕು ಅಂತ ಆ ಮಹಾರಾಯನಿಗೆ ತೋಚಲಿಲ್ಲ. ಮೊಬೈಲಿನಲ್ಲಿ ಯಾವುದೋ ಪರದೇಶದ ಕೋವಿಯ ಫೋಟೋ ತೋರಿಸತೊಡಗಿದ.

"ಇದೇ ನಮೂನೆ. ಒಂದೇ ಮರದಗೆ ಆಯ್ಕ್."

"ಒಂದೇ ಮರದಗೆ ಆತಿಲ್ಲ ಒಡೇರೆ. ಇದ್ ಬಳೆಕೋವಿ ಅಲ್ದಾ? ನಡುವೆ ಕಬ್ಬಿಣದ ಪೆಟ್ಟಿಗೆ ಇತ್ತ್ ಕಾಣಿ. ಹಿಂದೊಂದ್, ಮುಂದೊಂದ್, ಎರಡೇ ತುಂಡ್ ಮಾಡ್ಕ್."

ಹಿಡಿಯ ಕೆಳಗಿನ ಕಬ್ಬಿಣದ ಬಳೆಯನ್ನು ಎಳೆದು ಒತ್ತಿದರೆ ತೋಟೆ ತಾನಾಗಿ ಏರುವ ಕೋವಿ ಅದು. ಶಂಕರನಾರಾಯಣದ ಸುತ್ತಮುತ್ತ ಅಂಥದ್ದು ಅದೊಂದೇ. ಭುಜಕ್ಕೆ ಆನಿಸುವ ಅದರ ಗಿಡ್ಡ ಮರದ ಹಿಡಿಯೂ ಚಂದಯ್ಯನದೇ ಕೈಕೆಲಸ. ದೊಡ್ಡಮನೆಯ ಯಜಮಾನರು ತೀರಿಕೊಂಡು, ಗದ್ದೆಗೆ ಹಂದಿ ಬೀಳುವುದು ಜಾಸ್ತಿಯಾದಾಗ ಅವರ ಹೆಂಡತಿ ಅಮ್ಮಣ್ಣಿಯೇ ಕೋವಿ ಹಿಡಿದರು. ಕುಳ್ಳು ಹೆಂಗಸು, ಕೈಯೂ ಮೋಟು. ಅವರ ತೋಳಿಗೆ ಸರಿಯಾಗಲಿ ಅಂತ ಚಂದಯ್ಯ ಹಿಡಿಯ ಬುಡವನ್ನು ಎರಡೂವರೆ ಇಂಚು ಕೊಯ್ದು ಕೊಟ್ಟಿದ್ದ. ಈಗ ಅಮ್ಮಣ್ಣಿ ಹಾಸಿಗೆ ಹಿಡಿದಿದ್ದಾರೆ. ಮೊಮ್ಮಗ ಈ ಪ್ರಖ್ಯಾತ್ ಮುಂಬೈಯ ಹೋಟೆಲನ್ನು ಅಪ್ಪನಿಗೆ ಬಿಟ್ಟು ಬಂದು ಮರವಂತೆಯ ಹತ್ತಿರ ರೆಸಾರ್ಟ್ ಮಾಡಿದ್ದಾನೆ. ಕೋವಿಯ ಲೈಸೆನ್ಸೂ ಅವನ ಹೆಸರಿಗಾಗಿದೆ. ಆರಡಿ ಆಳು. ಗಡ್ಡಕ್ಕೆ ಎಣ್ಣೆ, ಮೈಗೆಲ್ಲ ಸೆಂಟು. ಆ ಘಾಟಿಗೆ ಚಂದಯ್ಯನಿಗೆ ತನ್ನ ಕೆಲಸದ ಕೊಟ್ಟಿಗೆಯ ಹಲಸಿನ ಮರದ ವಾಸನೆಯೂ ತಿಳಿಯದಂತಾಗಿತ್ತು.

ಹಿಡಿಯ ಅಳತೆಯನ್ನು ಟೇಪಿನಲ್ಲಿ ತೆಗೆಯುವುದಲ್ಲ, ತೋಳಿನಲ್ಲಿ. ಚಂದಯ್ಯ ಎರಡು ಸಲ ಬಳೆ ಎಳೆದು ಒಳಗೆ ತೋಟೆ ಇಲ್ಲವೆಂದು ನೋಡಿಕೊಂಡ. "ಗೋಡೆ ಬದಿಗೆ ತಿರ್ಗಿ ಭುಜಕ್ಕೆ ಇಟ್ಕಣಿ ಕಾಂಬ," ಎಂದ. ಪ್ರಖ್ಯಾತ್ ಇಟ್ಟುಕೊಂಡ. ಕತ್ತು ಕುಗ್ಗಿತು, ಮೊಣಕೈ ಪಕ್ಕೆಗೆ ಸೇರಿತು, ಹಿಡಿಯ ಕತ್ತನ್ನು ಸುತ್ತಿದ ಹೆಬ್ಬೆರಳು ಸೀದಾ ಮೀಸೆಗೇ ಬಂದು ಕೂತಿತು.

"ಗಿಡ್ಡ ಹಿಡಿ, ಉದ್ದ ಮನ್ಷ. ಹೀಂಗೆ ಹೊಡ್ದ್ರೆ ಹೆಬ್ಬೆಟ್ ಬಾಯಿಗೇ ಗುದ್ದತ್ತ್ ಒಡೇರೆ."

"ಅದನ್ನ್ ನಂಗೆ ಹೇಳ್ತ್ರಿಯಾ?" ಪ್ರಖ್ಯಾತ್ ನಗುತ್ತ ಮೀಸೆ ಸರಿಸಿ ಮೇಲ್ದುಟಿ ಎತ್ತಿ ತೋರಿಸಿದ. ತುಟಿಯಲ್ಲಿ ಹೊಲಿಗೆಯ ಗುರುತು, ಒಳಗೆ ಕಟ್ಟಿಸಿದ ಹಲ್ಲು. "ಒಂದೇ ಒಂದ್ ಸಲ ಹೊಡ್ದದ್ದ್ ಮಾರಾಯ್ರೆ. ಅದ್ರಗೇ ಹಲ್ ಹೋಯ್ತ್."

ಚಂದಯ್ಯ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡವನು ಹಾಗೇ ನಿಂತ.

"ಆ ತುಟಿಗೆ ಕಾರಿನ ಬಾಗ್ಲ್ ತಾಗಿದ್ದ್ ಅಂದಿದ್ರಿ ಅಲ್ದಾ?"

ಪ್ರಖ್ಯಾತ್ ತುಟಿ ಬಿಟ್ಟು ಕೋವಿಯನ್ನು ಮಣೆಯ ಮೇಲೆ ಇಟ್ಟ.

ಹೋದ ದೀಪಾವಳಿಯ ಮಾರನೇ ರಾತ್ರಿಯ ಮಾತು. ದೊಡ್ಡಮನೆಯ ಗದ್ದೆಯಲ್ಲಿ ಗುಂಡಿನ ಸದ್ದು ಕೇಳಿ ಚಂದಯ್ಯ ಓಡಿ ಹೋದಾಗ, ಆಳು ದುಗ್ಗಪ್ಪ ಮೊಣಕಾಲು ಹಿಡಿದುಕೊಂಡು ಬಿದ್ದಿದ್ದ. "ಕುಡ್ಕಂಡ್ ಕೋವಿ ಮುಟ್ಟಿದ, ಜಾರ್ಸಿ ಕಾಲಿಗೆ ಹೊಡ್ಕಂಡ," ಅಂದವನು ಪ್ರಖ್ಯಾತ್. ಕುಂದಾಪುರದ ಆಸ್ಪತ್ರೆಯವರೆಗೆ ಕಾರು ಬಿಟ್ಟವನೂ ಅವನೇ, ಬಾಯಿಗೆ ಟವೆಲ್ ಒತ್ತಿ ಹಿಡಿದುಕೊಂಡು. ದುಗ್ಗಪ್ಪನನ್ನು ಎತ್ತುವಾಗ ಬಾಗಿಲು ತಾಗಿತು ಅಂದಿದ್ದ. ಹಿಂದಿನ ಸೀಟಿನಲ್ಲಿ ದುಗ್ಗಪ್ಪನ ಕಾಲು ಹಿಡಿದು ಕೂತಿದ್ದ ಚಂದಯ್ಯನ ಮೂಗಿಗೆ ಬ್ರಾಂದಿಯ ನಾತ ಬಡಿದಿತ್ತು. ಯಾರ ಬಾಯಿಯದು ಅಂತ ಅವನು ಯೋಚಿಸಲೇ ಇಲ್ಲ. ಆಳಿನದೇ ಇರಬೇಕು ಅಂದುಕೊಂಡ, ಅಷ್ಟೇ. ಠಾಣೆಯಲ್ಲಿ ದುಗ್ಗಪ್ಪನೂ ಕೋವಿ ಜಾರಿತು ಅಂತಲೇ ಬರೆಸಿದ. ಕಾಲು ಹೋಯಿತು. ಅದರ ಹಿಂದೆ ಹೆಂಡತಿಯೂ ಹೋದಳು. ಇನ್ನು ಕುಡಿಯುವುದಿಲ್ಲ ಅಂತ ಶಂಕರನಾರಾಯಣ ಸ್ವಾಮಿಯ ಎದುರು ಆಣೆ ಹಾಕಿ ಏಳು ವರ್ಷವಾಗಿತ್ತು ದುಗ್ಗಪ್ಪನಿಗೆ. ಆಣೆ ಮುರಿದವನ ಜೊತೆ ಬಾಳುವುದಿಲ್ಲ ಅಂತ ಜಲಜ ತಲ್ಲೂರಿನ ತವರಿಗೆ ಹೋಗಿ ಕೂತಳು.

"ಹಂದಿ ಅಂದೇಳಿ ಹೊಡ್ದದ್ದ್ ಆಚಾರ್ರೆ," ಪ್ರಖ್ಯಾತ್ ಸ್ವರ ಇಳಿಸಿದ. "ಅವ ಕಪ್ ಕಂಬ್ಳಿ ಹೊದ್ಕಂಡ್ ಗದ್ದೆ ಬದಿಗೆ ಕೂಕಂಡಿದ್ದ. ಯಾರಿಗ್ ಗೊತ್ತಾತ್ತ್?"

"ದುಗ್ಗಪ್ಪ ಕುಡ್ದಿದ್ನಾ?"

"ಇಲ್ಲ. ಆದ್ರೆ ಕುಡ್ದಿದ್ದ ಅಂದ್ರೆ ಮತ್ತ್ಯಾರೂ ಕೇಂಬುದಿಲ್ಲ ಅಲ್ದಾ? ಅವ್ನೇ ಒಪ್ಕಂಡದ್ದ್. ಅವ್ನ್ ಮನೆ ಇಪ್ಪುದ್ ನಮ್ ಜಾಗ್ದಗೆ." ಎಂದವನು ಮತ್ತೆ ಮೊಬೈಲು ತಿರುಗಿಸಿದ. "ಅದೆಲ್ಲ ಮುಗ್ದ್ ಹೋದ ಕಥೆ. ಬೀಟೆ ಮರ ಸಿಕ್ಕತ್ತಾ ಹೇಳಿ. ಹಳೆ ಹಿಡಿ ಒಲೆಗೆ ಹಾಕಿ."

ಮುಗಿದು ಹೋದ ಕಥೆಯಂತೆ! ಒಬ್ಬನ ಕಾಲು ಹೋಗಿದೆ, ಸಂಸಾರ ಹೋಗಿದೆ, ಇವನಿಗೆ ಬೀಟೆ ಮರದ ಚಿಂತೆ. ಚಂದಯ್ಯ ಬಾಯಲ್ಲಿದ್ದ ಎಲೆಯಡಿಕೆಯನ್ನು ಬಾಗಿಲಾಚೆ ಉಗಿದು ಬಂದ.

"ಕೋವಿ ತಕಂಡ್ ಹೋಗ್."

"ಎಂತ ಹೇಳ್ದ್ರಿ?"

"ತಕಂಡ್ ಹೋಗ್ ಅಂದೆ. ನಿನ್ ಭುಜಕ್ಕೆ ಹಿಡಿ ಮಾಡುಕೆ ನನ್ ಕೈಯಗೆ ಆತಿಲ್ಲ."

ದೊಡ್ಡಮನೆಯ ತೊಟ್ಟಿಲ ಮಗುವಿಗೂ ಬಹುವಚನ ಹಾಕಿ ಬೆಳೆದ ನಾಲಿಗೆ ಅದು. ಅರವತ್ತೆರಡು ವರ್ಷಕ್ಕೆ ಮೊದಲ ಸಲ 'ನೀನ್' ಅಂದಿತ್ತು. ಪ್ರಖ್ಯಾತ್ ಕೋವಿಯನ್ನು ಸುತ್ತಿಕೊಂಡ. "ನಾನ್ ಹೊಡ್ದದ್ದ್ ಅಂತ ಹೇಳ್ದ್ರೆ ನಂಬುವರ್ ಯಾರ್? ದುಗ್ಗಪ್ಪ ಕುಡ್ಕ ಅಂದೇಳಿ ಊರಿಡೀ ಹೇಳ್ಕಂಡ್ ಬಂದವ್ರ್ ನೀವೇ," ಅಂದು ಕಾರು ಹತ್ತಿದ.

ಇನ್ನೊಂದು ಸಲ ಉಗಿದರೂ ಬಾಯಿಯ ಕಹಿ ಹೋಗಲಿಲ್ಲ. ಆ ಹಲ್ಕಟ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪೇಟೆಯ ಚಾದ ಅಂಗಡಿಯಲ್ಲಿ ದುಗ್ಗಪ್ಪ ತೂರಾಡಿಕೊಂಡು ಕೋವಿ ಎತ್ತುವುದನ್ನು ಚಂದಯ್ಯ ಕೊಡೆ ಹಿಡಿದು ಆಡಿ ತೋರಿಸಿದ್ದ, ಕಣ್ಣಾರೆ ಕಂಡವನ ಹಾಗೆ. ಜನ ನಕ್ಕಿದ್ದರು. ಇನ್ನೊಮ್ಮೆ ಮಾಡಿ ಅಂದವರಿಗೆ ಇನ್ನೊಮ್ಮೆಯೂ ಮಾಡಿದ್ದ. ಥೂ, ಇದೂ ಒಂದು ಜನ್ಮವಾ ಅನ್ನಿಸಿತು ಅವನಿಗೆ.

ದುಗ್ಗಪ್ಪನ ಮನೆ ನಾಲ್ಕು ಹೆಜ್ಜೆ. ಆದರೆ ಅಲ್ಲಿಗೆ ಹೋಗಲು ಮುಖ ಬೇಕಲ್ಲ. ಚಂದಯ್ಯ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ತಲ್ಲೂರು ಮುಟ್ಟಿದಾಗ ಜಲಜ ಕೆಲಸಕ್ಕೆ ಹೋಗುವ ಗೇರುಬೀಜದ ಕಾರ್ಖಾನೆ ಬಿಡುವ ಹೊತ್ತು. ಗೇಟಿನಿಂದ ಹೊರಗೆ ಬಂದ ಜಲಜ ಅವನನ್ನು ಕಂಡವಳೇ ಓಡಿ ಬಂದಳು.

"ಎಂತ ಆಚಾರ್ರೆ? ಅವ್ರಿಗೆ ಎಂತಾರೂ ಆಯ್ತಾ?"

"ಎಂತ ಆಯ್ಲಿಲ್ಲ. ಅವ ಕುಡ್ದಿರ್ಲಿಲ್ಲ ಜಲಜ. ಆಣೆ ಮುರೀಲಿಲ್ಲ. ಹೊಡ್ದದ್ದ್ ದೊಡ್ಮನೆ ಮಾಣಿ. ಇವತ್ತ್ ಅವ್ನ್ ಬಾಯಂಗೇ ಬಂತ್."

ಹಿಡಿ, ಹೆಬ್ಬೆರಳು, ತುಟಿ, ಹಲ್ಲು ಎಲ್ಲವನ್ನೂ ಹೇಳಿದ. ಜಲಜ ಗೇರೆಣ್ಣೆಗೆ ಕಪ್ಪಾದ ಬೆರಳುಗಳನ್ನು ಸೆರಗಿಗೆ ಒರೆಸುತ್ತ ಕೇಳಿದಳು.

"ನಂಗಾರೂ ಹೇಳ್ಬಹುದಿತ್ತಲ್ದಾ ಅವ್ರ್?"

"ನೀನ್ ಸುಮ್ನೆ ಕೂಕಂಬವ್ಳಲ್ಲ, ಬೊಬ್ಬೆ ಹಾಕ್ತೆ, ಮನೆ ಹೋತ್ತ್ ಅಂದೇಳಿ ಹೆದ್ರಿರ್ಕ್."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅವನ ಮುಖ ನೋಡಿಯೇ ಕೇಳಿದಳು. "ಅವ್ರ್ ತೂರಾಡುದ್ ನೀವ್ ಕಂಡಿದ್ರ್ಯಾ ಆಚಾರ್ರೆ?"

"ಇಲ್ಲ."

"ಕಾಣ್ದೇ ಹಾಂಗೆ ಮಾಡಿ ತೋರ್ಸಿದ್ರ್ಯಾ? ನಾನ್ ಹಾಲಿನ ಪೆಕೆಟ್ ಹಿಡ್ಕಂಡ್ ಅಂಗ್ಡಿ ಬಾಗ್ಲಂಗೇ ನಿಂತಿದ್ದೆ. ಅದನ್ ಕಂಡೇ ನಾನ್ ಮನೆ ಬಿಟ್ಟದ್ದ್."

ಉತ್ತರಕ್ಕೆ ಕಾಯದೆ ಜಲಜ ತಾಯಿಗೆ ಫೋನು ಮಾಡಿ, ತಾನು ಊರಿಗೆ ಹೋಗುತ್ತಿದ್ದೇನೆ, ಬಟ್ಟೆಬರೆ ಆಮೇಲೆ ಒಯ್ಯುತ್ತೇನೆ ಎಂದಳು.

ಕುಂದಾಪುರದಿಂದ ಹೊರಟ ಬಸ್ಸಿನಲ್ಲಿ ಎಲ್ಲ ಸೀಟೂ ತುಂಬಿ, ಚಂದಯ್ಯನ ಪಕ್ಕದ್ದೊಂದು ಉಳಿದಿತ್ತು. ಅವನು ಕಿಟಕಿಗೆ ಒತ್ತಿ ಕೂತು ಜಾಗ ಬಿಟ್ಟ.

"ಕೂಕಣಿ ಅಮ್ಮ, ಸೀಟ್ ಇತ್ತಲೆ," ಎಂದ ಕಂಡಕ್ಟರ್.

"ಬೇಡ. ನಂಗೆ ನಿಂತ್ರೂ ಆತ್ತ್," ಎಂದಳು ಜಲಜ.

ಬೆಳಿಗ್ಗೆಯಿಂದ ಬೀಜ ಒಡೆದ ಕೈಯಲ್ಲಿ ಮೇಲಿನ ಸರಳು ಹಿಡಿದುಕೊಂಡು, ಊರು ಹತ್ತಿರವಾಗಿ ಹಾಲಾಡಿ ದಾಟಿದರೂ ಅವಳು ನಿಂತೇ ಇದ್ದಳು.